ಕಂತು ಇಳಿಯಿತು, ವರ್ಷ ಬೆಳೆಯಿತು

ಬೆಳಗಿನ ಆರು ಗಂಟೆ. ಬ್ಯಾಂಕಿನ ಪಕ್ಕದ ಜೆರಾಕ್ಸ್ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಡ್ಯೂಟಿಗೆ ಹೊರಟ ಬಸ್ ಚಾಲಕರೊಬ್ಬರು ಅದರಡಿ ಬಗ್ಗಿ ಒಳಬಂದು, ಗೃಹಸಾಲದ ಕಾಗದಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಬೇರೆ ಬ್ಯಾಂಕೊಂದು ಕಡಿಮೆ ಬಡ್ಡಿಗೆ ಸಾಲ ಬದಲಿಸಿಕೊಡುತ್ತದಂತೆ. ಅಂಗಡಿಯಾಕೆ ಬಡ್ಡಿಯ ಮಾತೇ ಎತ್ತುವುದಿಲ್ಲ.

“ಇನ್ನೆಷ್ಟು ವರ್ಷ ಬಾಕಿ ಇದೆ ಅಣ್ಣ?”

“ಹನ್ನೆರಡು.”

“ಹೊಸ ಬ್ಯಾಂಕಲ್ಲೂ ಹನ್ನೆರಡೇ ಬರೆಸಿ. ಒಂದು ತಿಂಗಳೂ ಜಾಸ್ತಿ ಬೇಡ.”

ಹಾಳಾದ ಜೆರಾಕ್ಸ್ ಹಾಳೆಯೊಂದರ ಹಿಂಬದಿಯಲ್ಲಿ ಲೆಕ್ಕ ಶುರುವಾಗುತ್ತದೆ. ಬದಲಾಯಿಸುವ ಖರ್ಚು ಇಪ್ಪತ್ತನಾಲ್ಕು ಸಾವಿರ, ತಿಂಗಳಿಗೆ ಉಳಿಯುವುದು ಒಂದೂವರೆ ಸಾವಿರ. ಹದಿನಾರು ತಿಂಗಳಿಗೆ ಹಾಕಿದ ಖರ್ಚು ವಾಪಸ್ ಬರುತ್ತದೆ, ಆಮೇಲಿನದು ಲಾಭ. “ಮೊದ್ಲು ನಿಮ್ಮ ಬ್ಯಾಂಕಲ್ಲೇ ಬಡ್ಡಿ ಇಳಿಸಿ ಅಂತ ಕೇಳಿ. ಆಗಲ್ಲ ಅಂದ್ರೆ ಹೋಗಿ,” ಎನ್ನುತ್ತಾ ನಾಲ್ಕು ಪ್ರತಿಯ ಕಾಸು ಮಾತ್ರ ತೆಗೆದುಕೊಳ್ಳುತ್ತಾರೆ.

ದಿನಕ್ಕೆ ಆರೇಳು ಮಂದಿ ಹೀಗೆ ಬರುತ್ತಾರೆ. ಬೀದಿಗೆಲ್ಲ ಇವರು ‘ಲೆಕ್ಕದಕ್ಕ’. ಪುಕ್ಕಟೆ ಸಲಹೆ ಕೊಡುವವರು ಊರ ತುಂಬ ಇದ್ದಾರೆ, ಲೆಕ್ಕ ಸರಿ ಇರುವವರು ಅಪರೂಪ ಎಂದು, ಭಾನುವಾರದ ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದಿರುವ ನಾನು ಹೊಗಳಲು ಹೊರಟರೆ, ಲೆಕ್ಕದಕ್ಕ ಮುಖ ತಿರುಗಿಸಿ ಯಂತ್ರಕ್ಕೆ ಹಾಳೆ ತುಂಬತೊಡಗುತ್ತಾರೆ.

“ನಾನು ಮೊದ್ಲು ಸಾಲದ ಏಜೆಂಟ್,” ಎನ್ನುತ್ತಾರೆ ಕೊನೆಗೆ. ಹನ್ನೊಂದು ವರ್ಷದ ಹಿಂದಿನ ಮಾತು. ಆ ತಿಂಗಳ ಗುರಿಗೆ ಒಂದೇ ಒಂದು ಅರ್ಜಿ ಕಡಿಮೆ ಬಿದ್ದಿತ್ತು. ನೇರ ಒಡಹುಟ್ಟಿದ ಅಕ್ಕನ ಮನೆಗೆ ಹೋದರು. ಟೈಲರ್ ಭಾವನಿಗೆ ಐದೇ ವರ್ಷದ ಸಾಲ ಉಳಿದಿತ್ತು. ಬಡ್ಡಿ ಒಂದು ಪರ್ಸೆಂಟ್ ಇಳಿಯಿತು, ಅವಧಿ ಮಾತ್ರ ಹದಿನೈದಕ್ಕೆ ಏರಿತು. ಕಂತು ಅರ್ಧಕ್ಕಿಂತ ಕಡಿಮೆಯಾದದ್ದು ಕಂಡು ಮನೆಯವರೆಲ್ಲ ಹಿಗ್ಗಿದರು.

“ಭಾವ ಕನ್ನಡಕ ಹುಡುಕೋ ಗೋಜಿಗೂ ಹೋಗಲಿಲ್ಲ. ‘ನಾದಿನಿ ತಂದಿದ್ದಾಳೆ, ಓದೋದೇನಿದೆ’ ಅಂತ ಸಹಿ ಹಾಕಿದ್ರು. ಒಟ್ಟಾರೆ ಎಷ್ಟು ಜಾಸ್ತಿ ಕಟ್ಟಬೇಕಾಗತ್ತೆ ಅಂತ ನಂಗೆ ಗೊತ್ತಿತ್ತು. ಹೇಳಲಿಲ್ಲ. ಆ ಕಮಿಷನ್ನೇ ಈ ಮಷಿನ್ನಿಗೆ ಮುಂಗಡ ಆಯ್ತು.”

ಭಾವನಿಗೆ ಈಗ ಅರವತ್ತಾರು. ಆರು ವರ್ಷದ ಹಿಂದೆಯೇ ಮುಗಿಯಬೇಕಿದ್ದ ಸಾಲಕ್ಕೆ ಇನ್ನೂ ನಾಲ್ಕು ವರ್ಷವಿದೆ. ಮಂಡಿನೋವಿಟ್ಟುಕೊಂಡೇ ಹೊಲಿಗೆ ಯಂತ್ರ ತುಳಿಯುತ್ತಾರೆ.

“ಬೈದಿದ್ರೆ ತಡ್ಕೊಳ್ತಿದ್ದೆ. ‘ಕಂತು ಇಳಿಸಿಕೊಟ್ಟೋಳು ನನ್ನ ತಂಗಿ’ ಅಂತ ಅಕ್ಕ ಬಂದೋರಿಗೆಲ್ಲ ಹೇಳ್ತಾಳೆ. ನಾಚಿಕೆಗೆ ತಲೆ ಎತ್ತೋಕಾಗಲ್ಲ. ಎರಡು ಸಲ ಹೇಳೋಣ ಅಂತಲೇ ಹೋಗಿ, ಚಹಾ ಕುಡಿದು ವಾಪಸ್ ಬಂದೆ.”

ನಾನು ಟಿಪ್ಪಣಿ ಪುಸ್ತಕ ಮುಚ್ಚುವುದರೊಳಗೆ ಅವರ ಕೈ ಅದರ ಮೇಲಿದೆ.

“ಅಕ್ಕ ಭಾನುವಾರದ ಪೇಪರ್ ಒಂದಕ್ಷರ ಬಿಡದೆ ಓದ್ತಾಳೆ. ನನ್ನ ಒಳ್ಳೇತನ ಬೇಕಾದ್ರೆ ಬಿಟ್ಟುಬಿಡಿ, ಕಮಿಷನ್ ವಿಷಯ ಬಿಡಬೇಡಿ. ಓದಿದ ಮೇಲೂ ಅವಳು ನಂಗೆ ಬಾಗಿಲು ತೆಗೆದ್ರೆ ಸಾಕು.”