ಬೆಂಚಿನ ಮೇಲೆ ಕಲಿತ ಅಕ್ಷರ

ಚಂದ್ರಮೋಹನ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದರು. ಇಲಾಖೆಯ ಒಂದು ಪರೀಕ್ಷೆಯಲ್ಲೂ ಫೇಲಾದವರಲ್ಲ. ರಿಟೈರಾದ ಮೇಲೆ ಕಣ್ಣು ಮಂಜಾಗತೊಡಗಿ, ಸರ್ಕಾರಿ ಡಿಸ್ಪೆನ್ಸರಿಯಲ್ಲಿ ತೋರಿಸುವುದೂ ಅವರಿಗೆ ಪರೀಕ್ಷೆಯೇ ಆಯಿತು. ಫೇಲಾದರೆ ಕಣ್ಣು ಕೊಯ್ಯುತ್ತಾರೆ ಎಂಬ ಭಯ ಹೆಂಡತಿ ರತ್ನಪ್ರಭಾಗೆ.

ಅಲ್ಲಿ ಗೋಡೆಯ ಮೇಲೆ ವರ್ಷಗಟ್ಟಲೆ ಅದೇ ಹಿಂದಿ ಅಕ್ಷರಗಳ ಪಟ್ಟಿ. ಹೊರಗೆ ಬೆಂಚಿನಲ್ಲಿ ಕೂತರೆ ಒಳಗಿನವರು ಓದುವುದು ಕೇಳಿಸುತ್ತಿತ್ತು. ರತ್ನಪ್ರಭಾ ಓದಿದ್ದು ಮೂರನೇ ಕ್ಲಾಸು. ಆದರೆ ಕಿವಿ ಚುರುಕು. ಎಲ್ಲ ಸಾಲನ್ನೂ ಕೇಳಿಯೇ ಕಲಿತಳು, ಗಂಡನಿಗೂ ಕಲಿಸಿದಳು.

"ರೀ, ಐದನೇ ಸಾಲು ಹೇಳಿ."

"ಪ, ರ, ನ, ಗ..."

"ನ ಆದ್ಮೇಲೆ ಲ. ಇಷ್ಟು ವರ್ಷ ಹೇಗೆ ಪಾಸಾದ್ರೋ."

"ಆಗ ಪಕ್ಕದಲ್ಲಿ ನೀನಿರಲಿಲ್ಲ, ಅದಕ್ಕೆ."

ಮೂರು ಸಲ ಡಾಕ್ಟರು ಕಣ್ಣು ಸರಿಯಾಗಿದೆ ಎಂದು ಬರೆದುಕೊಟ್ಟರು. ಮೂರು ಸಲವೂ ಮನೆಗೆ ಹೋಗುವಾಗ ಗಂಡ ಹೆಂಡತಿ ಜಿಲೇಬಿ ತಿಂದರು.

ಒಂದು ಬೆಳಿಗ್ಗೆ ಚಂದ್ರಮೋಹನ ಚಹಾವನ್ನು ಲೋಟದ ಹೊರಗೆ ಸುರಿದರು. ಮಗಳು ಹರಿಣಿ ನೋಯ್ಡಾದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲೊಂದು ಲೇಸರ್ ಯಂತ್ರ. ಕೊಯ್ಯುವುದಿಲ್ಲ, ಮುಟ್ಟುವುದೂ ಇಲ್ಲ, ಬೆಳಕಿನಿಂದಲೇ ಕಣ್ಣಿನ ಒಳಗಿನ ಪರದೆಯ ಚಿತ್ರ ತೆಗೆಯುತ್ತದೆ.

"ಏನು ಓದಬೇಕು, ಭಯ್ಯಾ?" ಚಂದ್ರಮೋಹನ ಯಂತ್ರ ನಡೆಸುವ ಹುಡುಗನನ್ನು ಹಿಂದಿಯಲ್ಲಿ ಕೇಳಿದರು.

"ಏನೂ ಇಲ್ಲ ಅಂಕಲ್. ಗದ್ದ ಇಲ್ಲಿಡಿ. ನಡುವಿನ ಹಸಿರು ಚುಕ್ಕೆ ನೋಡಿ."

"ಯಾವ ಚುಕ್ಕೆ?"

ರತ್ನಪ್ರಭಾಗೆ ಹೇಳಿಕೊಡಲು ಏನೂ ಇರಲಿಲ್ಲ.

ಎರಡೇ ನಿಮಿಷ. ಎರಡೂ ಕಣ್ಣಿನ ಪರದೆಯ ನಡುವೆ ಗಾಯ ಒಣಗಿ ಕಲೆಯಾಗಿತ್ತು. ವರ್ಷದ ಹಿಂದೆ ಬಂದಿದ್ದರೆ ಇಂಜೆಕ್ಷನ್ನಿನಲ್ಲಿ ಸ್ವಲ್ಪ ಉಳಿಸಬಹುದಿತ್ತು ಎಂದರು ಡಾಕ್ಟರು. ಡಿಸ್ಪೆನ್ಸರಿಯ ಚೀಟಿಗಳನ್ನು ತಿರುವಿ ಹಾಕಿ, "ಇದನ್ನೆಲ್ಲ ಹೇಗೆ ಓದಿದಿರಿ?" ಎಂದು ಕೇಳಿದರು. ರತ್ನಪ್ರಭಾ ಚೀಟಿಗಳನ್ನು ಮಡಚಿ ಚೀಲಕ್ಕೆ ಹಾಕಿದಳು.

ಆಮೇಲೆ ಚಂದ್ರಮೋಹನರಿಗೆ ನೇರ ನೋಡಿದ್ದು ಕಾಣುತ್ತಿರಲಿಲ್ಲ. ಸುತ್ತಲಿನದು ಮಸುಕಾಗಿ ಕಾಣುತ್ತಿತ್ತು.

"ನಿನ್ನ ಓಲೆ ಕಾಣುತ್ತೆ ಪ್ರಭಾ. ಮುಖ ಇಲ್ಲ."

ಅವಳ ಮುಖ ಬೇಕಾದರೆ ಅವರು ಗೋಡೆಯ ಕಡೆ ತಿರುಗಬೇಕಿತ್ತು. ಆಗ ಕಣ್ಣಂಚಿನಲ್ಲಿ ಒಂದಿಷ್ಟು ಸಿಗುತ್ತಿತ್ತು.

ಜನವರಿಯಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ, ಕೊನೆಯ ದಿನ, ಅವಳು ಕೈ ಹಿಡಿದಾಗ ಅವರು ಮುಖ ಗೋಡೆಯ ಕಡೆ ತಿರುಗಿಸಿದರು.

"ಅಂಕಲ್‌ಗೆ ನಿಮ್ಮ ಮೇಲೆ ಕೋಪ, ಆಂಟಿ," ಎಂದಳು ನರ್ಸು.

"ಇಲ್ಲಮ್ಮ. ನನ್ನ ನೋಡ್ತಿದ್ದಾರೆ."

ಎಷ್ಟು ಕಂಡಿತೋ, ಅವರು ಹೇಳಲಿಲ್ಲ. ಅವಳಿಗೆ ಡಿಸ್ಪೆನ್ಸರಿ ಗೋಡೆಯ ಆ ಸಾಲುಗಳು ಮಾತ್ರ ಇನ್ನೂ ಮರೆತಿಲ್ಲ.