ಟೆಕ್ಸ್ಚರ್ ಒಂದು ಮೆಟ್ಟಿಲು ಕೆಳಗೆ

ಆಲಂಕಾರಿನ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯವರು ಇಬ್ಬರುಂಟು. ಒಬ್ಬ ರಿಪೇರಿ ಮಾಡಿ ಕೊಡುತ್ತಾನೆ. ಇನ್ನೊಬ್ಬ ಮಶೂದ್. ರಿಪೇರಿಯ ಜೊತೆಗೆ, ನಿಮ್ಮ ಯಾವ ಸ್ವಭಾವದೋಷದಿಂದ ಅದು ಹಾಳಾಯಿತು ಎಂಬುದನ್ನೂ ವಿವರಿಸಿ ಕಳಿಸುತ್ತಾನೆ. ಆರು ವರ್ಷ ಶಾರ್ಜಾದ ಅಂಗಡಿಯೊಂದರಲ್ಲಿ ಟಿ.ವಿ.ಗಳ ಸಾಲಿನ ಮುಂದೆ ನಿಂತು ಬಂದವನು. ಯಾರ ಮನೆಗೆ ಹೋದರೂ ಕೂರುವ ಮೊದಲು ಅವರ ಟಿ.ವಿ.ಯ ಬಣ್ಣ ಸರಿಮಾಡಬೇಕು. ಮದುವೆಯಾದ ವಾರದಲ್ಲೇ ತನ್ನ ತವರಿನ ಟಿ.ವಿ.ಗೂ ಆ ಗತಿ ಬಂದದ್ದನ್ನು ಹೆಂಡತಿ ಸುಹಾನಾ ಇನ್ನೂ ಮರೆತಿಲ್ಲ.

ಕಂಪ್ಯೂಟರಿನಲ್ಲಿ ಗೇಮ್ ಆಡುವವರೆಲ್ಲ ಅವನಲ್ಲಿಗೇ ಬರುವುದು. ದುಬಾರಿ ಗ್ರಾಫಿಕ್ಸ್ ಕಾರ್ಡು ಇದ್ದವನಿಗೆ ಬುದ್ಧಿ ಬೇಡ, ಎಲ್ಲವನ್ನೂ ಮೇಲೆ ಏರಿಸಿ ಆಡಿದರಾಯಿತು. ನಡುತರದ ಕಾರ್ಡಿನಲ್ಲಿ ಯಾವುದನ್ನು ಇಳಿಸಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯುವುದೇ ವಿದ್ಯೆ ಎಂಬುದು ಅವನ ಸಿದ್ಧಾಂತ. ನೆರಳು ಇಳಿಸು, ಮಂಜು ಇಳಿಸು, ನೀರಿನ ಪ್ರತಿಬಿಂಬ ತೆಗೆದೇ ಬಿಡು. ಮರದ ತೊಗಟೆ, ಗೋಡೆಯ ಪಾಚಿ ಕಾಣಿಸುವ ಟೆಕ್ಸ್ಚರನ್ನು ಮಾತ್ರ ಮುಟ್ಟಬೇಡ. ಟೆಕ್ಸ್ಚರ್ ಇಳಿಸುವವನು ಸೋತವನು.

ಗುತ್ತಿಗಾರಿನ ಭವಿತಾ ಸುಳ್ಯದಲ್ಲಿ ಕಾಲೇಜು ಓದುವವಳು. ಭಾನುವಾರ ಸಂಜೆ ನಾಲ್ಕಕ್ಕೆ ಅವಳಿಗೊಂದು ಆನ್‌ಲೈನ್ ಪಂದ್ಯ. ಗೆದ್ದರೆ ರಾಜ್ಯದ ತಂಡದಲ್ಲಿ ಜಾಗ, ಸೋತರೆ ಮತ್ತೆ ಕರೆಯುವುದಿಲ್ಲ. ಅವಳ ಗೇಮಿನಲ್ಲಿ ಕಾಡಿನ ನಡುವೆ ಒಂದು ಸೇತುವೆ ಉಂಟು. ಅಲ್ಲಿಗೆ ಬಂದಾಗೆಲ್ಲ ಚಿತ್ರ ಎರಡು ಸೆಕೆಂಡು ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಎದುರಿನವರು ಅವಳನ್ನು ಕೊಂದಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಮಶೂದ್ ಅವಳ ಮನೆಗೆ ಹೋದ. ತನ್ನ ಫೋನನ್ನು ಚಾರ್ಜಿಗೆ ಹಾಕಲು ಭವಿತಾಳ ತಾಯಿ ಸೇವಂತಿಯ ಕೈಗೆ ಕೊಟ್ಟು, ನಡುಮನೆಯ ಕಂಪ್ಯೂಟರಿನ ಮುಂದೆ ಕೂತ. ಮೂರು ಗಂಟೆ ಹೊತ್ತು ನೆರಳು, ಮಂಜು, ಹುಲ್ಲು ಎಲ್ಲವನ್ನೂ ಇಳಿಸಿ ನೋಡಿದ. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತದೆ ಎಂದು ತೋರಿಸುವ ಅಂಕಿ ಅರವತ್ತರಲ್ಲಿ ಇದ್ದದ್ದು ಸೇತುವೆಯ ಹತ್ತಿರ ನಾಲ್ಕಕ್ಕೆ ಬೀಳುತ್ತಿತ್ತು. ಟೆಕ್ಸ್ಚರ್ ಇಳಿಸಿ ನೋಡುವ ಎಂದು ಭವಿತಾ ಎರಡು ಸಲ ಹೇಳಿದಳು. ಅದು ತನ್ನ ಜೀವಮಾನದಲ್ಲಿ ಆಗದ ಮಾತು ಎಂದ ಮಶೂದ್.

ಆ ದಿನ ಆ ಮನೆಯಲ್ಲಿ ಗತಿಸಿದ ಹಿರಿಯರಿಗೆ ಬಡಿಸುವ ದಿನ. ಹೋದ ವರ್ಷ ತೀರಿಹೋದ ಭವಿತಾಳ ಅಜ್ಜ ಬೋಜಪ್ಪನವರು ಆ ಹಿರಿಯರ ಸಾಲಿಗೆ ಸೇರಿದ ಮೇಲೆ ಮೊದಲನೆಯ ಸಲ. ಮಧ್ಯಾಹ್ನ ನಡುಮನೆಯಲ್ಲಿ ಬಾಳೆಲೆ ಹಾಕಿ, ಅನ್ನ, ಕೋಳಿಸಾರು, ರೊಟ್ಟಿ ಬಡಿಸಿ, ದೀಪ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಒಳಗಿನವರ ಊಟ ಮುಗಿಯುವವರೆಗೆ ಸದ್ದು ಮಾಡಬಾರದು. ಮಶೂದ್ ಮೌಸನ್ನು ಕೀಬೋರ್ಡಿನ ಬಲಗಡೆ ಅದರ ಜಾಗದಲ್ಲಿಟ್ಟು, ಗೇಮು ತಾನಾಗಿ ಓಡುವ ಪರೀಕ್ಷೆಯನ್ನು ಹಾಕಿ, ಪರದೆ ಮಾತ್ರ ಆರಿಸಿ ಬಂದ. ತಾಂತ್ರಿಕ ಕೆಲಸ ನಡುವೆ ನಿಲ್ಲಿಸಿದರೆ ಯಂತ್ರಕ್ಕೆ ಬೇಜಾರಾಗುತ್ತದೆ ಎಂದು ವಿವರಣೆಯನ್ನೂ ಕೊಟ್ಟ.

ಜಗಲಿಯಲ್ಲಿ ಎಲ್ಲರೂ ಸುಮ್ಮನೆ ಕೂತರು. ಒಳಗೆ ಕಂಪ್ಯೂಟರಿನ ಫ್ಯಾನು ಸೇತುವೆ ಬಂದಾಗೆಲ್ಲ ಹುಯಿಲಿಡುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಹುಯಿಲು ತಗ್ಗಿತು. ಯಾರೋ ಗದರಿಸಿ ಕೂರಿಸಿದ ಹಾಗೆ. ಮಶೂದ್ ಒಂದೊಂದೇ ತಲೆ ಎಣಿಸಿದ. ಎಲ್ಲರೂ ಜಗಲಿಯಲ್ಲೇ ಇದ್ದರು.

ಸೇವಂತಿ ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ ತೆರೆದಳು. ಮಶೂದ್ ಮೊದಲು ಹೋಗಿ ಪರದೆ ಆನ್ ಮಾಡಿದ. ಸೇತುವೆಯ ಮೇಲೂ ಅರವತ್ತು. ಸೆಟ್ಟಿಂಗ್ ತೆರೆದು ನೋಡಿದರೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿದಿತ್ತು. ಕಾರ್ಡಿನ ಮೆಮೊರಿ ಸೇತುವೆಯ ಹತ್ತಿರ ತುಂಬಿಹೋಗುತ್ತಿದ್ದದ್ದು ಅವನಿಗೆ ಆಗ ಹೊಳೆಯಿತು. ಮತ್ತೆ ಕಣ್ಣು ಕೆಳಗೆ ಹೋಯಿತು. ಮೌಸು ಕೀಬೋರ್ಡಿನ ಎಡಗಡೆ ಇತ್ತು. ಅದರ ಗುಂಡಿಯ ಮೇಲೆ ಒಂದು ಅನ್ನದ ಅಗುಳು.

ಹಿಂದಿನಿಂದ ಭವಿತಾ ಬರುವ ಸದ್ದಾಯಿತು. ಅವನು ಅಗುಳನ್ನು ಹೆಬ್ಬೆರಳಿನಲ್ಲಿ ತೆಗೆದ. ಬಿಸಾಡಲು ಧೈರ್ಯ ಬರಲಿಲ್ಲ, ಅಂಗಿಯ ಕಿಸೆಗೆ ಹಾಕಿಕೊಂಡ.

"ಮೌಸ್ ಆ ಕಡೆ ಯಾರು ಇಟ್ಟದ್ದು ಮಶೂದಣ್ಣ?" ಅವಳ ಸ್ವರ ಸಣ್ಣಗಾಗಿತ್ತು. "ಅಜ್ಜ ಎಡಗೈಯವರು. ನಾನಿನ್ನು ಇಲ್ಲಿ ಕೂರುದಿಲ್ಲ."

ಗಂಟೆ ಮೂರೂವರೆ.

"ನಾನೇ ಇಟ್ಟದ್ದು ಮಾರಾಯ್ತಿ," ಎಂದ ಮಶೂದ್. "ಟೆಸ್ಟಿಂಗ್ ಮಾಡುವಾಗ ನನಗೆ ಎರಡು ಕೈಯೂ ಒಂದೇ. ಜಗಲಿಯಲ್ಲಿ ಕೂತು ಫೋನಿಂದಲೇ ಟೆಕ್ಸ್ಚರ್ ಇಳಿಸಿದೆ. ಶಾರ್ಜಾದಲ್ಲೆಲ್ಲ ಹೀಗೇ ಮಾಡುದು."

"ನೀವು? ಟೆಕ್ಸ್ಚರ್ ಇಳಿಸಿದ್ದಾ?"

"ಇಳಿಸಿದೆ. ಬೆಳಿಗ್ಗೆ ನಾನು ಹೇಳಿದ್ದು ತಪ್ಪು."

ನಲವತ್ತನಾಲ್ಕು ವರ್ಷದಲ್ಲಿ ಆ ಬಾಯಿಂದ ಬಾರದ ಮಾತು. ಭವಿತಾಳಿಗೆ ನಗು ಬಂತು. ಶಾರ್ಜಾದ ಹೆಸರು ಹೇಳಿ ಇಷ್ಟು ಕೊಚ್ಚಿಕೊಳ್ಳುವವನು ಮಶೂದಣ್ಣನೇ, ಮೌಸ್ ಮುಟ್ಟಿದ್ದು ಬೇರೆ ಯಾರೂ ಅಲ್ಲ ಎಂಬ ಧೈರ್ಯದಲ್ಲಿ ಅವಳು ಮೌಸನ್ನು ಬಲಕ್ಕೆ ತಂದು ಕೂತಳು.

ಸೇವಂತಿ ಅಡಿಗೆಮನೆಗೆ ಹೋಗಿ, ಬೆಳಿಗ್ಗೆಯಿಂದ ಅಲ್ಲೇ ಚಾರ್ಜಿಗೆ ಇದ್ದ ಅವನ ಫೋನನ್ನು ತಂದು, ಮಗಳಿಗೆ ಕಾಣದ ಹಾಗೆ ಅವನ ಕೈಯಲ್ಲಿಟ್ಟಳು. ಮತ್ತೆ ಅವಳು ಒಂದು ಬೆತ್ತದ ಕುರ್ಚಿ ಎತ್ತಿ ತಂದು ಭವಿತಾಳ ಎಡಪಕ್ಕದಲ್ಲಿ ಹಾಕಿದಳು. ತಜ್ಞರಿಗೆ ಸಲ್ಲಬೇಕಾದ ಮರ್ಯಾದೆ ಎಂದುಕೊಂಡು ಮಶೂದ್ ಪಂಚೆ ಸರಿಮಾಡಿ ಕೂರಲು ಹೊರಟ.

"ನೀವು ಈಚೆ ಬನ್ನಿ ಮಶೂದ್ರೆ," ಎಂದಳು ಸೇವಂತಿ, ಗೋಡೆಯ ಪಕ್ಕದ ಬೆಂಚು ತೋರಿಸಿ.

ಅವನು ಹೋಗಿ ಕೂತ. ಪಂದ್ಯ ಶುರುವಾಯಿತು. ಪರದೆಯ ಕಾಡಿನಲ್ಲಿ ಮರದ ತೊಗಟೆ ಸ್ವಲ್ಪ ಮಸುಕಾಗಿತ್ತು. ಮಸುಕು ಅವನ ಹೊರತು ಯಾರಿಗೂ ಕಾಣುವಂಥದ್ದಲ್ಲ. ಸೇತುವೆ ಬಂತು. ಅರವತ್ತು ಅಲ್ಲಾಡಲಿಲ್ಲ. ಭವಿತಾ ಒಂದೇ ಓಟಕ್ಕೆ ದಾಟಿದಳು, ಆಚೆ ಕಾದು ಕೂತಿದ್ದ ಇಬ್ಬರನ್ನೂ ಹೊಡೆದಳು. ಪಕ್ಕದ ಖಾಲಿ ಕುರ್ಚಿಯ ಬೆತ್ತ, ಮುಂದೆ ಬಗ್ಗಿ ನೋಡುತ್ತಿದ್ದವರು ಯಾರೋ ಸಮಾಧಾನವಾಗಿ ಹಿಂದಕ್ಕೆ ಒರಗಿದ ಹಾಗೆ, ನಿಧಾನಕ್ಕೆ ಕಿರುಗುಟ್ಟಿತು.