ಎಕ್ಸ್‌ರೇ ಅಕ್ಕ ತನ್ನ ದುಡ್ಡನ್ನು ಹುಡುಕಿಕೊಂಡು ಹೊರಟದ್ದು

ಎದೆರೋಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಆ ಹೆಂಗಸನ್ನು ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸದಿಂದ ಬಂದ ಹೆಸರು, ಆದರೆ ಸ್ವಭಾವಕ್ಕೂ ಸರಿಯಾಗಿ ಹೊಂದುತ್ತಿತ್ತು. ಯಾವುದನ್ನೇ ಆಗಲಿ ಹೊರಗಿನಿಂದ ನೋಡಿ ಸುಮ್ಮನಾಗುವ ಜಾಯಮಾನ ಅವಳದಲ್ಲ. ಮನೆಗೆ ಹೊಸ ಮಿಕ್ಸಿ ಬಂದರೆ ಮೊದಲು ತಳದ ತಿರುಪು ಬಿಚ್ಚಿ ಒಳಗೇನಿದೆ ಎಂದು ಬಗ್ಗಿ ನೋಡುವಳು. ಹೊಲಿಗೆ ಅಂಗಡಿ ನಡೆಸುತ್ತಿದ್ದ ಅವಳ ಗಂಡ, ತನ್ನನ್ನೊಬ್ಬನನ್ನು ಬಿಚ್ಚಿ ನೋಡಿಲ್ಲ, ಅದೇ ದೊಡ್ಡ ಪುಣ್ಯ ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ದುಡ್ಡಿನ ವಿಷಯದಲ್ಲಿ ಮಾತ್ರ ಅವಳು ಬಗ್ಗಿ ನೋಡುವ ಗೋಜಿಗೆ ಹೋಗಿರಲಿಲ್ಲ. ತಂಗಿಯ ಗಂಡ ಮ್ಯೂಚುವಲ್ ಫಂಡಿನ ಏಜೆಂಟು. ಅವನು ತೋರಿಸಿದ ಕಡೆ ಸಹಿ ಹಾಕಿದ್ದಳು. ಸಂಬಳ ಬಂದ ಕೂಡಲೇ ಒಂದಿಷ್ಟು ತಾನಾಗಿಯೇ ಫಂಡಿಗೆ ಹೋಗುತ್ತಿತ್ತು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೂ ಇತ್ತು. ಅದು ಕೈಗೆ ಬಂದ ದಿನ ಮನೆಯ ಮೇಲೊಂದು ದೊಡ್ಡ ಕೋಣೆ ಕಟ್ಟಿಸುವುದು, ಗಂಡ ಬಾಡಿಗೆ ಅಂಗಡಿ ಬಿಟ್ಟು ಮನೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಳ್ಳುವುದು ಎಂದು ಮಾತಾಗಿತ್ತು.

ಒಂದು ಭಾನುವಾರ ತಂಗಿಯ ಮನೆಯಲ್ಲಿ ಊಟ ಮುಗಿಸಿ ಕೂತಿದ್ದಾಗ ಏಜೆಂಟು ಹೆಮ್ಮೆಯಿಂದ ಮೊಬೈಲು ತೆಗೆದ.

"ಅಕ್ಕಾ, ನಿಮ್ಮ ದುಡ್ಡು ನಿಮಗಿಂತ ಜಾಸ್ತಿ ದುಡೀತಾ ಇದೆ."

"ಎಲ್ಲಿ ದುಡೀತಿದೆ?" ಎಂದಳು.

ಮಾರ್ಕೆಟ್ಟಿನಲ್ಲಿ ಎಂದ. ಮಾರ್ಕೆಟ್ಟು ಅಂದರೆ ಯಾರ ಹತ್ತಿರ, ಏನು ಕೆಲಸ ಮಾಡುತ್ತಿದೆ ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡ. ಇಷ್ಟು ವರ್ಷದ ವ್ಯವಹಾರದಲ್ಲಿ ಎಷ್ಟು ಬರುತ್ತದೆ ಎಂದು ಕೇಳಿದವರೇ ಎಲ್ಲರೂ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿರಲಿಲ್ಲ. ಕೊನೆಗೆ ಫಂಡಿನವರ ಪುಟ ತೆರೆದು, ದುಡ್ಡು ಯಾವ ಯಾವ ಕಂಪನಿಗಳಲ್ಲಿದೆ ಎಂದು ಓದತೊಡಗಿದ. ಬ್ಯಾಂಕು, ಸಿಮೆಂಟು, ಸೋಪು. ಅವಳಿಗೆ ಕತೆ ಕೇಳಿದಷ್ಟೇ ಖುಷಿ. ತನ್ನ ದುಡ್ಡು ತನಗೆ ಹೇಳದೆ ಊರೂರು ತಿರುಗಿಬಂದ ಹಾಗೆ. ನಾಲ್ಕನೆಯದೋ ಐದನೆಯದೋ ಹೆಸರು ಬಂದಾಗ ಅವಳ ನಗು ನಿಂತಿತು. ಅದು ಸಿಗರೇಟಿನ ಕಂಪನಿ.

ಮಾರನೆಯ ದಿನ ಆಸ್ಪತ್ರೆಗೆ ಹಳೆಯ ರೋಗಿಯೊಬ್ಬ ಬಂದ. ಲಾರಿ ಓಡಿಸುತ್ತಿದ್ದವನು, ಈಗ ಮೆಟ್ಟಿಲು ಹತ್ತಲೂ ಉಸಿರಿಲ್ಲ. ಪ್ರತಿ ಸಲವೂ ಯಂತ್ರದ ಮುಂದಿನಿಂದ ಇಳಿದು, "ಫೋಟೋ ಚೆನ್ನಾಗಿ ಬಂತಾ ಅಕ್ಕಾ?" ಎಂದು ಕೇಳುವುದು ಅವನ ರೂಢಿ. ಹೆಣ್ಣಿನ ಮನೆಗೆ ಕಳಿಸೋ ಹಾಗೆ ಬಂದಿದೆ ಎಂದು ಅವಳು ಉತ್ತರ ಕೊಡುವುದು ಅವಳ ರೂಢಿ. ಅವತ್ತು ಅವಳು ಪರದೆಯ ಕಡೆಗೇ ತಿರುಗಿ ನಿಂತಳು. ಪರದೆಯ ಮೇಲೆ ಅವನ ಎದೆ ಕಾಣುತ್ತಿತ್ತು. ಇವನು ಸೇದಿದ ಪ್ರತಿ ಸಿಗರೇಟಿನಲ್ಲೂ ತನಗೊಂದು ಪಾಲು ಬಂದಿರಬಹುದಲ್ಲ ಎಂಬ ಯೋಚನೆ ಬಂತು. ತಮಾಷೆಯ ಲೆಕ್ಕ ಅದು, ತೀರಾ ಸಣ್ಣ ಪಾಲು, ಆದರೂ ತಲೆಯಿಂದ ಹೋಗಲೊಲ್ಲದು.

ಸಂಜೆಗೆ ಏಜೆಂಟನ ಆಫೀಸಿಗೆ ಹೋದಳು. ಅವನು ಸಮಾಧಾನದಿಂದಲೇ ತಿಳಿಸಿ ಹೇಳಿದ. ಆ ಕಂಪನಿ ಬಿಸ್ಕತ್ತನ್ನೂ ಮಾಡುತ್ತದೆ, ಮಕ್ಕಳ ನೋಟ್‌ಬುಕ್ಕನ್ನೂ ಮಾಡುತ್ತದೆ. ಅಕ್ಕ ಬಿಟ್ಟ ಪಾಲನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಒಂದು ಸಿಗರೇಟೂ ಕಡಿಮೆಯಾಗುವುದಿಲ್ಲ. ಅವಳಿಗೆ ಅವನ ಮಾತು ಸುಳ್ಳು ಅನ್ನಿಸಲಿಲ್ಲ. ಅದೊಂದು ಕಂಪನಿಯನ್ನು ಮಾತ್ರ ಆರಿಸಿ ತೆಗೆಯಲು ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ, ಫಂಡು ಅಂದರೆ ಇಡೀ ಗಂಟು ಎಂದ. ಹಾಗಾದರೆ ಇಡೀ ಗಂಟನ್ನೇ ಬಿಚ್ಚು ಎಂದಳು.

ಸುದ್ದಿ ತಂಗಿಯ ಬಾಯಿಂದ ಅಣ್ಣನ ಕಿವಿಗೆ ಬಿತ್ತು. ಅಣ್ಣ ಬಸ್ ನಿಲ್ದಾಣದ ಎದುರಿಗಿರುವ ಅಪ್ಪನ ಕಾಲದ ಗೂಡಂಗಡಿಯನ್ನು ನೋಡಿಕೊಳ್ಳುತ್ತಿದ್ದವನು. ಬಾಳೆಹಣ್ಣು, ಪೆಪ್ಪರಮಿಂಟು, ಪೇಪರು, ಜೊತೆಗೆ ಸಿಗರೇಟು. ಅವನು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಸಿಗರೇಟಿನ ದುಡ್ಡು ಮುಟ್ಟಲ್ಲ ಅಂದೆಯಂತೆ. ನೀನು ಈ ಎಕ್ಸ್‌ರೇ ಕೋರ್ಸು ಓದಿದ್ದು ಯಾವ ದುಡ್ಡಲ್ಲಿ ಅಂತ ನೆನಪಿದೆಯಾ?"

ನೆನಪಿತ್ತು. ಅಪ್ಪ ಗಲ್ಲಾ ಡಬ್ಬಿ ಬೋರಲು ಹಾಕಿ ಫೀಸು ಹೊಂದಿಸಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದಳು.

"ಅಪ್ಪನ್ನ ನಾನು ಏನೂ ಅಂದಿಲ್ಲ ಅಣ್ಣಾ. ನಿನಗೂ ಅಂಗಡಿ ಮುಚ್ಚು ಅನ್ನಲ್ಲ. ಆದ್ರೆ ನಾನು ಬೆಳಗ್ಗೆಯಿಂದ ಸಂಜೆವರೆಗೂ ಆ ಎದೆಗಳನ್ನೇ ನೋಡ್ತೀನಿ. ನೋಡಿದ ಮೇಲೂ ನಾನು ಆ ಲಾಭ ತಗೊಳ್ಳೋದು ಹೇಗೆ, ನೀನೇ ಹೇಳು."

ಅಣ್ಣ ಮುಖ ಊದಿಸಿಕೊಂಡು ಹೋದವನು ವರ್ಷಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ.

ಗಂಡನೂ ಮುನಿಸಿಕೊಂಡ. ಅವನು ಜಗಳವಾಡುವ ಪೈಕಿಯಲ್ಲ. ಆದರೆ ಮೇಲಿನ ಕೋಣೆಯ ಕಿಟಕಿ ಯಾವ ದಿಕ್ಕಿಗಿರಬೇಕು ಎಂದು ದಿನಾ ಎತ್ತುತ್ತಿದ್ದ ಮಾತನ್ನು ಎತ್ತುವುದೇ ಬಿಟ್ಟ. ಅದು ಅವಳನ್ನು ಹೆಚ್ಚು ಚುಚ್ಚಿತು. ಕೊನೆಗೆ ಅವಳೇ ಕೇಳಿದಾಗ, ಕೋಣೆ ತಡವಾದರೆ ಬೇಜಾರಿಲ್ಲ, ಗಂಟು ಬಿಚ್ಚುವ ಮೊದಲು ತನ್ನನ್ನೊಂದು ಮಾತು ಕೇಳಬಹುದಿತ್ತು ಎಂದ. ಅದರಲ್ಲಿ ಅವನದೇ ನ್ಯಾಯ ಎಂದು ಅವಳು ಒಪ್ಪಿಕೊಂಡಳು. ದುಡ್ಡಿಗೆ ಬೇರೆ ಜಾಗ ಹುಡುಕಲು ಇಬ್ಬರೂ ಕೂಡಿಯೇ ಹೊರಟರು.

ಹಾಗೆ ಅವರು ತಲುಪಿದ್ದು ಒಂದು ಸಹಕಾರ ಸಂಘ. ಸಣ್ಣ ಕಾರ್ಖಾನೆಗಳಿಗೆ ಸಾಲ ಕೊಡುವ ಸಂಘ, ಬಡ್ಡಿ ಫಂಡಿನ ಅರ್ಧಕ್ಕೂ ಬಾರದು. ಅಲ್ಲೂ ಅವಳದು ಅದೇ ಪ್ರಶ್ನೆ: ನಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ? ಮ್ಯಾನೇಜರ್ ಮೊದಲು ಅನುಮಾನದಿಂದ ನೋಡಿದ, ಆಮೇಲೆ ಸಾಲ ಕೊಟ್ಟ ಕಾರ್ಖಾನೆಯನ್ನು ತಾನೂ ನೋಡಿ ಬಹಳ ದಿನವಾಯಿತೆಂದು ಸ್ಕೂಟರ್ ಹತ್ತಿದ. ಇವರು ಆಟೋದಲ್ಲಿ ಹಿಂದೆ.

ಅದು ಶಾಲೆಗಳಿಗೆ ಬೆಂಚು ಮಾಡುವ ಮರಗೆಲಸದ ಕಾರ್ಖಾನೆ. ಹಸಿ ಮರದ ವಾಸನೆ, ಗೋಡೆಗೊರಗಿಸಿದ ಹಲಗೆಗಳು, ಗರಗಸದ ಕಿವಿಗಡಚಿಕ್ಕುವ ಸದ್ದು. ಗಂಡ ಬೆಂಚೊಂದರ ಅಂಚನ್ನು ಬೆರಳಿಂದ ಸವರಿ, ಹೊಲಿಗೆ ಸಮನಾಗಿದೆ ಅನ್ನುವ ಹಾಗೆ ತಲೆಯಾಡಿಸಿದ. ಅಕ್ಕನ ಕಣ್ಣು ಮಾತ್ರ ಗಾಳಿಯಲ್ಲಿತ್ತು. ಕಿಟಕಿಯ ಬಿಸಿಲಿನಲ್ಲಿ ಮರದ ಪುಡಿ ಮಂಜಿನ ಹಾಗೆ ತೇಲುತ್ತಿತ್ತು. ಕೆಲಸದವರ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಒಬ್ಬರ ಮೂಗಿಗೂ ಬಟ್ಟೆಯಿಲ್ಲ.

ಕೇಳಿದರೆ ಮಾಲೀಕ, "ನಮಗೆಲ್ಲ ಅಭ್ಯಾಸ ಆಗ್ಹೋಗಿದೆ ಮೇಡಂ" ಎಂದು ಕೆಮ್ಮಿದ.

ವಾಪಸು ಬರುವಾಗ ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಹೊಗೆಯಿಂದ ಬಿಡಿಸಿ ತಂದ ದುಡ್ಡನ್ನು ಧೂಳಿಗೆ ಹಾಕಿದ ಹಾಗಾಯಿತಲ್ಲ. ಹೀಗೇ ದುಡ್ಡು ಎತ್ತುತ್ತ ಹೋದರೆ ಕೊನೆಗೆ ದಿಂಬಿನೊಳಗೆ ತುಂಬಿ ಹೊಲಿದು ಕೊಡುತ್ತೇನೆ ಎಂದು ಗಂಡ ತಮಾಷೆ ಮಾಡಿದ. ಆಟೋ ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ಒಂದು ವ್ಯತ್ಯಾಸ ಹೊಳೆಯಿತು. ಸಿಗರೇಟಿನವನು ದಂಧೆ ಸರಿಯಾಗಿ ನಡೆಸಿದರೇ ಎದೆ ಹಾಳಾಗುವುದು. ಬೆಂಚಿನವನ ಧೂಳನ್ನು ಹೊರಗೆ ಹಾಕಿದರೂ ಬೆಂಚು ಬೆಂಚೇ. ಅಲ್ಲದೆ ಇಲ್ಲಿ ಕೇಳಲು ಎದುರಿಗೆ ಒಬ್ಬ ಮನುಷ್ಯನಿದ್ದಾನೆ.

ದುಡ್ಡನ್ನು ಸಂಘದಲ್ಲೇ ಇಟ್ಟಳು. ಸದಸ್ಯರ ಸಭೆಯಲ್ಲಿ ಎದ್ದು ನಿಂತು, ಧೂಳು ಎಳೆಯುವ ಯಂತ್ರಕ್ಕೆ ಕಡಿಮೆ ಬಡ್ಡಿಯ ಸಾಲ ಕೊಡಬೇಕೆಂದು ಕೇಳಿದಳು. ಮೊದಲ ಸಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಸಲ ಒಬ್ಬ ಸದಸ್ಯ, ಈಯಮ್ಮ ಆಸ್ಪತ್ರೆಯನ್ನು ಇಲ್ಲಿಗೇ ತಂದಿದ್ದಾರೆ ಎಂದು ಗೊಣಗಿದ. ಮಾಲೀಕನೂ ಸುಲಭಕ್ಕೆ ಬಗ್ಗಲಿಲ್ಲ. ಅವಳು ಪಟ್ಟು ಬಿಡದೆ ಬಿಡುವಿನ ದಿನ ಕಾರ್ಖಾನೆಗೆ ಹೋಗಿ, ಗರಗಸ ಹೇಗೆ ಓಡುತ್ತದೆ, ಪುಡಿ ಎತ್ತ ಹಾರುತ್ತದೆ ಎಂದು ಕೇಳುತ್ತ ಕೂರುತ್ತಿದ್ದಳು. ಕೇಳುವ ರೀತಿಯಲ್ಲಿ ತಪ್ಪು ಹುಡುಕುವ ಧಾಟಿ ಇರಲಿಲ್ಲ. ನಿಜವಾಗಿಯೂ ತಿಳಿಯುವ ಆಸೆ ಇತ್ತು. ಹೇಳುತ್ತ ಹೇಳುತ್ತ ಮಾಲೀಕನೇ ಪುಡಿಯ ದಾರಿಯನ್ನು ಗಮನಿಸತೊಡಗಿದ. ಸಾಲ ಮಂಜೂರಾಗಿ ಯಂತ್ರ ಬಂತು, ಹಳೆಯದೇ, ಯಾರೋ ಮಾರಿದ್ದು. ಪೂರ್ತಿ ಧೂಳು ಹೋಗಲಿಲ್ಲ. ಆದರೆ ಕೆಲಸದವರ ಮೀಸೆಯ ಬಣ್ಣ ಕಾಣಿಸಿತು.

ಫಂಡು ಮತ್ತೂ ಏರಿತು. ಇಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಏಜೆಂಟು ಆಗಾಗ ಹೇಳುವನು, ಅವಳೂ ಪಕ್ಕದ ಮನೆಯ ಸುದ್ದಿಯ ಹಾಗೆ ಆಸಕ್ತಿಯಿಂದ ಕೇಳುವಳು. ಮೇಲಿನ ಕೋಣೆ ಅಂದುಕೊಂಡದ್ದಕ್ಕಿಂತ ಎಷ್ಟೋ ವರ್ಷ ತಡವಾಗಿ, ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಮೇಲೆದ್ದಿತು. ಹೊಲಿಗೆ ಯಂತ್ರ ಹಾಕಿದ ದಿನ ಅಣ್ಣ ಬಂದ. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು ಊಟಕ್ಕೂ ಕೂತ. ಸಿಗರೇಟು ಮಾರುವುದನ್ನು ಅವನು ಬಿಟ್ಟಿರಲಿಲ್ಲ, ಅವಳೂ ಆ ಮಾತೆತ್ತಲಿಲ್ಲ. ಕೈತೊಳೆಯುತ್ತ ಅವನೇ ಕೇಳಿದ.

"ಆ ಸಂಘದವರು ಯಾರ್ಯಾರಿಗೆ ಸಾಲ ಕೊಟ್ಟಿದ್ದಾರೆ ಅಂತ ನಿಜವಾಗ್ಲೂ ತೋರಿಸ್ತಾರಾ?"

ಈಗ ಒಂದು ಐಸ್ ಕಾರ್ಖಾನೆಗೆ ಕೊಟ್ಟಿದ್ದಾರೆ, ನೀರು ಎಲ್ಲಿಂದ ತರುತ್ತಾರೋ ನೋಡಬೇಕು ಎಂದು ಅವಳು ಟವೆಲ್ಲು ಚಾಚಿದಳು. ಭಾನುವಾರ ಎಷ್ಟು ಹೊತ್ತಿಗೆ ಹೊರಡುವುದು ಎಂದು ಅಣ್ಣ ಕೇಳಿದ.